ಊರಿಗೊಂದು ಅಳತೆಗೋಲು ಬೇಡ, ಎಲ್ಲರಿಗೂ ಒಂದೇ ಏಣಿ ಸಾಕು

ಪ್ರಶ್ನೆ: ನಾನು ಒಂದು ಪುರಸಭೆಯ ಸದಸ್ಯ. ಅಕ್ಕಪಕ್ಕದ ಎಂಟು ಸ್ಥಳೀಯ ಸಂಸ್ಥೆಗಳು ಸೇರಿ ಹಸಿರು ಕಟ್ಟಡ ನಿಯಮ ತರಬೇಕು ಎಂದು ಮಾತಾಡಿಕೊಂಡಿದ್ದೇವೆ. ಆದರೆ ಒಂದು ಊರು ಸೋಲಾರ್ ಕಡ್ಡಾಯ ಮಾಡೋಣ ಅನ್ನುತ್ತದೆ. ಇನ್ನೊಂದಕ್ಕೆ ನೀರಿನ ಉಳಿತಾಯವೇ ಮುಖ್ಯ. ಮೂರನೆಯದು ಹಸಿರು ರೇಟಿಂಗ್ ಸರ್ಟಿಫಿಕೇಟ್ ತಂದುಕೊಟ್ಟರೆ ಸಾಕು ಅನ್ನುತ್ತದೆ. ಬಿಲ್ಡರ್‌ಗಳಂತೂ 'ಊರಿಗೊಂದು ನಿಯಮ ಮಾಡಿದರೆ ನಾವು ಕಟ್ಟುವುದು ಹೇಗೆ' ಎಂದು ಕೇಳುತ್ತಿದ್ದಾರೆ. ಎಲ್ಲ ಕಡೆ ಹೊಂದುವ ನಿಯಮ ತರುವುದು ಸಾಧ್ಯವೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಬಿಲ್ಡರ್‌ಗಳ ದೂರಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಅಂತ ಮೊದಲು ನೋಡೋಣ.

ಒಂದು ಊರಿನ ನಿಯಮ ಸ್ವಲ್ಪ ಬಿಗಿ, ಪಕ್ಕದ ಊರಿನದು ಸ್ವಲ್ಪ ಸಡಿಲ ಆಗಿದ್ದರೆ ಕಟ್ಟುವವರಿಗೆ ಅಂಥ ಕಷ್ಟವೇನಿಲ್ಲ. ಗೋಡೆಗೆ ಇನ್ನೊಂದಿಷ್ಟು ಇನ್ಸುಲೇಷನ್ (ಶಾಖ ತಡೆಯುವ ಪದರ) ಹಾಕುತ್ತಾರೆ, ಖರ್ಚನ್ನು ಬೆಲೆಗೆ ಸೇರಿಸುತ್ತಾರೆ, ಮುಗಿಯಿತು. ತಲೆನೋವು ಶುರುವಾಗುವುದು ಅಳತೆಗೋಲೇ ಬೇರೆಯಾದಾಗ. ಒಂದು ಊರು ಗೋಡೆಯ ದಪ್ಪ ಕೇಳುತ್ತದೆ. ಇನ್ನೊಂದು 'ಸಾಮಾನ್ಯ ಕಟ್ಟಡಕ್ಕಿಂತ ಶೇಕಡಾ ಇಷ್ಟು ವಿದ್ಯುತ್ ಉಳಿಸಿ' ಅನ್ನುತ್ತದೆ. ಮತ್ತೊಂದು ಅಂಕಗಳ ಪಟ್ಟಿ ಕೊಡುತ್ತದೆ. ಒಂದೇ ಮನೆಯ ನಕ್ಷೆಗೆ ಮೂರು ಸಲ ಲೆಕ್ಕ, ಮೂರು ಥರದ ಅರ್ಜಿ, ಮೂರು ಥರದ ವಾದ. ಇದು ಸುಮ್ನೆ ದಂಡ.

ಹಾಗಾಗಿ ನಿಮ್ಮ ಎಂಟು ಊರುಗಳು ಒಂದೇ ಮಟ್ಟಕ್ಕೆ ಒಪ್ಪಬೇಕಾಗಿಲ್ಲ. ಒಂದೇ ಏಣಿಗೆ ಒಪ್ಪಿದರೆ ಸಾಕು. ಯಾರು ಎಷ್ಟನೇ ಮೆಟ್ಟಿಲಲ್ಲಿ ನಿಲ್ಲುತ್ತೀರಿ ಅನ್ನುವುದು ನಿಮ್ಮ ನಿಮ್ಮ ಇಷ್ಟ. ಮೆಟ್ಟಿಲುಗಳ ನಡುವಿನ ಅಂತರ, ಅಳೆಯುವ ರೀತಿ, ತುಂಬುವ ಅರ್ಜಿ ಇಷ್ಟು ಮಾತ್ರ ಎಲ್ಲರದ್ದೂ ಒಂದೇ ಇರಲಿ.

ಇದು ನನ್ನ ತಲೆಯಿಂದ ಬಂದ ಐಡಿಯಾ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಇದನ್ನು ಮಾಡಿ ತೋರಿಸಿದೆ. ಅಲ್ಲಿ ಮೊದಲು ಪುರಸಭೆಗಳು ತಮ್ಮ ತಮ್ಮ ಹಸಿರು ಷರತ್ತುಗಳನ್ನು ಹಾಕುತ್ತಿದ್ದವು. 2015ರಲ್ಲಿ ಪ್ರಾಂತ್ಯ ಒಂದು ಕಾನೂನು ಮಾಡಿ, ಕಟ್ಟಡದ ತಾಂತ್ರಿಕ ನಿಯಮ ಮಾಡುವ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಇಷ್ಟೇ ಆಗಿದ್ದರೆ ಜಗಳ ಆಗುತ್ತಿತ್ತು. ಆದರೆ 2017ರಲ್ಲಿ 'ಎನರ್ಜಿ ಸ್ಟೆಪ್ ಕೋಡ್' ಅನ್ನುವ ಏಣಿಯನ್ನು ಕೊಟ್ಟಿತು. ಸಣ್ಣ ಮನೆಗಳಿಗೆ 5 ಮೆಟ್ಟಿಲು, ದೊಡ್ಡ ವಸತಿ ಕಟ್ಟಡಗಳಿಗೆ 4. ಯಾವ ಮೆಟ್ಟಿಲು ಕಡ್ಡಾಯ ಮಾಡಬೇಕು ಅನ್ನುವುದನ್ನು ಆಯಾ ಊರು ತೀರ್ಮಾನಿಸಬಹುದು. ಆದರೆ ಏಣಿಯ ಹೊರಗೆ ಹೊಸ ಇಂಧನ ಷರತ್ತು ಹುಟ್ಟಿಸುವ ಹಾಗಿಲ್ಲ. ತನ್ನದೇ ಚಾರ್ಟರ್ ಇರುವ ವ್ಯಾಂಕೂವರ್ ನಗರಕ್ಕೆ ಮಾತ್ರ ಇದರಿಂದ ವಿನಾಯಿತಿ.

ನನಗೆ ಆ ಏಣಿಯಲ್ಲಿ ಬಹಳ ಇಷ್ಟವಾದದ್ದು ಮೊದಲ ಮೆಟ್ಟಿಲು. ಅದು ಸುಧಾರಣೆಯನ್ನೇ ಕೇಳುವುದಿಲ್ಲ! 'ನೀವು ಈಗ ಕಟ್ಟುವ ಹಾಗೆಯೇ ಕಟ್ಟಿ, ಆದರೆ ಅಳೆದು ತೋರಿಸಿ' ಅಷ್ಟೇ. ಕಂಪ್ಯೂಟರ್‌ನಲ್ಲಿ ಇಂಧನ ಲೆಕ್ಕ ಮಾಡಬೇಕು, ಮನೆ ಮುಗಿದ ಮೇಲೆ ಗಾಳಿ ಸೋರಿಕೆ ಪರೀಕ್ಷೆ ಮಾಡಿಸಬೇಕು. ಬಾಗಿಲ ಚೌಕಟ್ಟಿಗೆ ಒಂದು ಫ್ಯಾನ್ ಕೂರಿಸಿ, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಬರುವ ಹಾಗೆ ಮಾಡುತ್ತಾರೆ. ಆಗ ಗಂಟೆಗೆ ಎಷ್ಟು ಸಲ ಮನೆಯ ಗಾಳಿ ಪೂರ್ತಿ ಬದಲಾಗುತ್ತದೆ ಅಂತ ನೋಡುತ್ತಾರೆ. ಮೂರನೇ ಮೆಟ್ಟಿಲಿಗೆ ಅದು 2.5ರ ಒಳಗಿರಬೇಕು, ಐದನೆಯದಕ್ಕೆ 1ರ ಒಳಗೆ.

ಮೊದಲ ಮೆಟ್ಟಿಲು ಯಾಕೆ ಮುಖ್ಯ ಗೊತ್ತಾ? ತಾನು ಕಟ್ಟಿದ ಮನೆ ಎಷ್ಟು ಸೋರುತ್ತದೆ ಅಂತ ಬಹಳಷ್ಟು ಗುತ್ತಿಗೆದಾರರಿಗೆ ಗೊತ್ತೇ ಇರುವುದಿಲ್ಲ. ಒಂದು ಸಲ ಫ್ಯಾನ್ ಇಟ್ಟು ನೋಡಿದ ಮೇಲೆ ಸ್ವಿಚ್ ಬೋರ್ಡ್ ಸಂದಿಯಿಂದ ಗಾಳಿ ಬರುವುದು ಕೈಗೇ ತಾಗುತ್ತದೆ. ಮುಂದಿನ ಮನೆಯಲ್ಲಿ ಅವರೇ ಅದನ್ನು ಮುಚ್ಚುತ್ತಾರೆ. ಭಾಷಣದಿಂದ ಆಗದ ಕೆಲಸ ಅದು. ಊರುಗಳು ಹೀಗೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಹೋದವು. ಕೆಲಸಗಾರರೂ ಪಳಗಿದರು. 2023ರ ಮೇ ತಿಂಗಳಲ್ಲಿ ಪ್ರಾಂತ್ಯ ಸಣ್ಣ ಮನೆಗಳಿಗೆ ಮೂರನೇ ಮೆಟ್ಟಿಲನ್ನೇ ಎಲ್ಲ ಕಡೆ ಕನಿಷ್ಠ ಮಟ್ಟ ಮಾಡಿತು. ಮುಂದೆ ಹೋದ ಊರುಗಳು ಹಿಂದಿದ್ದವರಿಗೆ ದಾರಿ ಮಾಡಿಕೊಟ್ಟ ಹಾಗಾಯಿತು.

ಇದಕ್ಕೆ ತದ್ವಿರುದ್ಧ ಕಥೆ ಇಂಗ್ಲೆಂಡಿನದು. 2003ರಲ್ಲಿ ಲಂಡನ್ನಿನ ಮರ್ಟನ್ ಬರೋ, ಅಂದರೆ ಅಲ್ಲಿನ ಒಂದು ಸ್ಥಳೀಯ ಕೌನ್ಸಿಲ್, ಒಂದು ನಿಯಮ ತಂದಿತು. 1,000 ಚದರ ಮೀಟರ್‌ಗಿಂತ ದೊಡ್ಡದಾದ ಹೊಸ ವಾಣಿಜ್ಯ ಕಟ್ಟಡಗಳು ತಮಗೆ ಬೇಕಾಗುವ ಇಂಧನದಲ್ಲಿ ಕನಿಷ್ಠ ಶೇ. 10ರಷ್ಟನ್ನು ಜಾಗದಲ್ಲೇ ನವೀಕರಿಸಬಹುದಾದ ಮೂಲದಿಂದ ತಯಾರಿಸಬೇಕು. ಸರಳ ನಿಯಮ, ಧೈರ್ಯದ ನಿಯಮ. ಬೇರೆ ಕೌನ್ಸಿಲ್‌ಗಳು ಅದನ್ನು ಎತ್ತಿಕೊಂಡವು, ಆದರೆ ಎಲ್ಲರೂ ಸ್ವಲ್ಪ ಸ್ವಲ್ಪ ತಿದ್ದಿದರು. ಕೆಲವರು 10ಕ್ಕೇ ನಿಂತರು, ಕೆಲವರು 20ಕ್ಕೆ ಏರಿಸಿದರು. ಒಂದು ಕಡೆ ಶೇಕಡಾ ಲೆಕ್ಕ ಇಂಧನದ ಮೇಲೆ, ಇನ್ನೊಂದು ಕಡೆ ಇಂಗಾಲದ ಮೇಲೆ. ಇದರ ಜೊತೆಗೆ 2007ರಿಂದ ಮನೆಗಳಿಗೆ 6 ಮಟ್ಟದ 'ಕೋಡ್ ಫಾರ್ ಸಸ್ಟೈನಬಲ್ ಹೋಮ್ಸ್' ಬೇರೆ ಬಂತು. ಸ್ಥಳೀಯ ಷರತ್ತುಗಳು ಜಾಸ್ತಿಯಾದವು, ಗೊಂದಲ ಇದೆ ಅನ್ನುವ ದೂರೂ ಜಾಸ್ತಿಯಾಯಿತು. 2015ರಲ್ಲಿ ಸರ್ಕಾರ ಆ ಕೋಡನ್ನೇ ಹಿಂದಕ್ಕೆ ತೆಗೆದುಕೊಂಡಿತು. 2023ರ ಡಿಸೆಂಬರ್‌ನಲ್ಲಿ ಮಂತ್ರಿಯ ಹೇಳಿಕೆ ಇನ್ನೂ ಮುಂದೆ ಹೋಯಿತು. ರಾಷ್ಟ್ರೀಯ ಮಟ್ಟ ದಾಟುವ ಸ್ಥಳೀಯ ಇಂಧನ ನಿಯಮ ಬೇಡ, ದಾಟಲೇಬೇಕು ಅಂದರೆ ಬಲವಾದ ಕಾರಣ ಕೊಡಿ ಮತ್ತು ರಾಷ್ಟ್ರೀಯ ಅಳತೆಗೋಲಿನಲ್ಲೇ ಹೇಳಿ ಎಂದಿತು. ಆ ಹೇಳಿಕೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಕೊನೆಯ ಷರತ್ತು ಮಾತ್ರ ಸರಿ. ಅದನ್ನು 20 ವರ್ಷ ಮೊದಲೇ ಹೇಳಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತು!

ಈ ಕಥೆಯನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಊರಿಗೊಂದು ನಿಯಮ ಇದ್ದರೆ ಬಿಲ್ಡರ್‌ಗೆ ಮಾತ್ರ ತೊಂದರೆ ಅಂದುಕೊಳ್ಳಬೇಡಿ. ಮೇಲಿನ ಸರ್ಕಾರಕ್ಕೆ ಎಲ್ಲವನ್ನೂ ಒಟ್ಟಿಗೆ ತಡೆಯಲು ಅದು ನೆಪವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ತನ್ನ 'ಕ್ಯಾಲ್‌ಗ್ರೀನ್' ಅನ್ನುವ ಹಸಿರು ಕಟ್ಟಡ ಸಂಹಿತೆಯನ್ನು 2011ರ ಜನವರಿಯಿಂದ ಜಾರಿಗೆ ತಂದು, ಅದರ ಮೇಲೆ ಎರಡು ಹೆಚ್ಚುವರಿ ಮಟ್ಟಗಳನ್ನೂ ಊರುಗಳಿಗೆ ಕೊಟ್ಟಿತ್ತು. ಚೆನ್ನಾಗಿಯೇ ನಡೆಯುತ್ತಿತ್ತು. ಆದರೂ 2025ರಲ್ಲಿ, ಮನೆಗಳ ಕೊರತೆಯ ಹೆಸರಿನಲ್ಲಿ, ವಸತಿ ಕಟ್ಟಡಗಳಿಗೆ ಹೊಸ ಸ್ಥಳೀಯ ನಿಯಮ ತರುವುದನ್ನು ಕೆಲವು ವಿನಾಯಿತಿ ಬಿಟ್ಟು 2031ರ ಜೂನ್‌ವರೆಗೆ ತಡೆಹಿಡಿಯಿತು.

ಆದ್ದರಿಂದ ಮೊದಲ ಕೆಲಸ ಕಾನೂನು ಸಲಹೆಗಾರರದು, ವಾಸ್ತುಶಿಲ್ಪಿಯದಲ್ಲ. ನಿಮ್ಮ ಪುರಸಭೆಗೆ ಯಾವ ವಿಷಯದಲ್ಲಿ ನಿಯಮ ಮಾಡುವ ಅಧಿಕಾರ ಇದೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅದೇ ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಉದಾಹರಣೆ ನೆನಪಿಡಿ. 2019ರಲ್ಲಿ ಹೊಸ ಕಟ್ಟಡಗಳಿಗೆ ಗ್ಯಾಸ್ ಪೈಪ್ ಹಾಕಬಾರದು ಎಂದು ನಿಯಮ ಮಾಡಿ ಅದು ದೊಡ್ಡ ಸುದ್ದಿಯಾಯಿತು. ಅನೇಕ ಊರುಗಳು ಹಿಂಬಾಲಿಸಿದವು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕಾರಣ ಏನು? ಉಪಕರಣಗಳ ಇಂಧನ ಬಳಕೆಯ ವಿಷಯ 1975ರ ಒಂದು ಒಕ್ಕೂಟ ಕಾನೂನಿನ ಕೈಯಲ್ಲಿದೆ, ಅಲ್ಲಿ ಊರು ಕೈ ಹಾಕುವಂತಿಲ್ಲ. ಪೈಪ್ ಮುಟ್ಟಿದರೂ ಒಲೆಯನ್ನು ಮುಟ್ಟಿದ ಹಾಗೆಯೇ ಎಂದಿತು ನ್ಯಾಯಾಲಯ. ಆ ನಗರ ಕೊನೆಗೆ ನಿಯಮವನ್ನೇ ಕೈಬಿಡಬೇಕಾಯಿತು. ಬಹಳ ದೇಶಗಳಲ್ಲಿ ಗೋಡೆ, ಚಾವಣಿ, ಕಿಟಕಿ ಕಟ್ಟಡ ನಿಯಮಕ್ಕೆ ಸೇರುತ್ತವೆ. ಹೀಟರ್, ಏಸಿ, ಒಲೆಯ ಕನಿಷ್ಠ ದಕ್ಷತೆ ಬೇರೆ ಕಾನೂನಿಗೆ ಸೇರುತ್ತದೆ. ಈ ಗೆರೆ ಎಲ್ಲಿದೆ ಅಂತ ತಿಳಿಯದೆ ಕರಡು ಬರೆಯಲು ಕೂರಬೇಡಿ.

ಇನ್ನು ಕರಡು. ದಯವಿಟ್ಟು ನೀವೇ ಬರೆಯಬೇಡಿ. ಒಂದು ಕಟ್ಟಡ ಸಂಹಿತೆ ಅಂದರೆ ನೂರಾರು ಪುಟ, ಒಂದಕ್ಕೊಂದು ಹೆಣೆದುಕೊಂಡ ವ್ಯಾಖ್ಯೆಗಳು, ಕೋಷ್ಟಕಗಳು. ಒಂದು ಸಾಲು ತಪ್ಪಿದರೂ ಬೆಂಕಿ ಸುರಕ್ಷತೆಯ ನಿಯಮದ ಜೊತೆ ಡಿಕ್ಕಿ ಹೊಡೆಯುತ್ತದೆ. ಈಗಾಗಲೇ ಇರುವ ಮಾದರಿಯನ್ನು ಹೆಸರಿಸಿ ಅಂಗೀಕರಿಸಿ. ಅಮೆರಿಕದಲ್ಲಿ ಹೀಟಿಂಗ್, ಏಸಿ ಇಂಜಿನಿಯರ್‌ಗಳ ಸಂಸ್ಥೆಯಾದ ಆಶ್ರೇಯ 90.1 ಅನ್ನುವ ಕಟ್ಟಡ ಇಂಧನ ಮಾನದಂಡ ಇದೆ, ಅದರ ಮೊದಲ ರೂಪ 1975ರಲ್ಲಿ, ತೈಲ ಬಿಕ್ಕಟ್ಟಿನ ಬೆನ್ನಿಗೇ ಬಂದದ್ದು. ಹಸಿರು ಕಟ್ಟಡಕ್ಕೇ ಅಂತ 2012ರಲ್ಲಿ ಅಂತರರಾಷ್ಟ್ರೀಯ ಹಸಿರು ನಿರ್ಮಾಣ ಸಂಹಿತೆಯ ಮೊದಲ ಆವೃತ್ತಿ ಬಂತು. ಭಾರತದಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲಿ ಬಂದು 2017ರಲ್ಲಿ ಪರಿಷ್ಕೃತವಾಯಿತು. ಅದರಲ್ಲೂ ಮೂರು ಮೆಟ್ಟಿಲಿನ ಏಣಿ ಇದೆ. ಸುಮಾರು ಶೇ. 25, 35 ಮತ್ತು 50ರ ಉಳಿತಾಯವನ್ನು ಕ್ರಮವಾಗಿ ಅಂದಾಜಿಸಿದ್ದಾರೆ. ಮನೆಗಳಿಗೆ 2018ರ ಇಕೋ ನಿವಾಸ್ ಸಂಹಿತಾ ಬೇರೆ ಇದೆ. ಅಲ್ಲಿನ ತೊಂದರೆ ಸಂಹಿತೆಯ ಗುಣದ್ದಲ್ಲ, ಸರಪಳಿಯದು. ಕೇಂದ್ರ ಬರೆಯುತ್ತದೆ, ರಾಜ್ಯ ತನ್ನ ಹವಾಮಾನಕ್ಕೆ ತಿದ್ದಿ ಅಧಿಸೂಚನೆ ಹೊರಡಿಸಬೇಕು, ಆಮೇಲೆ ಸ್ಥಳೀಯ ಸಂಸ್ಥೆ ತನ್ನ ಬೈಲಾಗೆ ಸೇರಿಸಬೇಕು. ಒಂದು ಕೊಂಡಿ ತಡವಾದರೆ ಕಡತ ಅಲ್ಲೇ ಕೂರುತ್ತದೆ.

ಮಾದರಿಯನ್ನು ಅಂಗೀಕರಿಸುವಾಗ ಆವೃತ್ತಿಯ ವರ್ಷವನ್ನು ಬರೆಯಿರಿ. 'ಕಾಲಕಾಲಕ್ಕೆ ತಿದ್ದುಪಡಿಯಾದಂತೆ' ಎಂದು ಬರೆದರೆ, ನೀವು ಓದದೇ ಇರುವ ಮುಂದಿನ ಆವೃತ್ತಿಗೂ ಈಗಲೇ ಸಹಿ ಹಾಕಿದ ಹಾಗೆ. ಕೆಲವು ಕಡೆ ಅದು ಕೋರ್ಟಿನಲ್ಲಿ ನಿಲ್ಲುವುದೂ ಇಲ್ಲ. ಸ್ಥಳೀಯ ಬದಲಾವಣೆ ಬೇಕೇ ಬೇಕು ಅಂದರೆ ಮೂಲ ಪಠ್ಯವನ್ನು ಕೆದಕಬೇಡಿ. ಕೊನೆಯಲ್ಲಿ ಒಂದು ಅನುಬಂಧ ಹಾಕಿ, ಪ್ರತಿ ಬದಲಾವಣೆಗೂ ಕಾರಣ ಬರೆಯಿರಿ. ಎಂಟು ಊರಿನ ಅನುಬಂಧಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅರ್ಧಕ್ಕರ್ಧ ಕಾರಣಗಳು 'ಹಿಂದಿನಿಂದಲೂ ಹೀಗೇ ಇದೆ' ಅಂತ ಇರುತ್ತವೆ. ಅವು ತಾವಾಗಿಯೇ ಉದುರಿಹೋಗುತ್ತವೆ.

ಹವಾಮಾನ ಬೇರೆ ಬೇರೆ ಇದೆಯಲ್ಲ ಅಂತ ಯಾರಾದರೂ ಎದ್ದು ನಿಲ್ಲುತ್ತಾರೆ. ನಿಜ, ಆದರೆ ಬಿಸಿಲು ಪುರಸಭೆಯ ಗಡಿ ನೋಡಿ ಬೀಳುವುದಿಲ್ಲ. ಒಳ್ಳೆಯ ಸಂಹಿತೆಗಳು ಹವಾಮಾನ ವಲಯ ನೋಡಿಯೇ ಮಿತಿಗಳನ್ನು ಹಾಕಿರುತ್ತವೆ. ನಿಮ್ಮ ಎಂಟೂ ಊರುಗಳು ಒಂದೇ ವಲಯದಲ್ಲಿದ್ದರೆ ಆ ವಾದ ಅಲ್ಲಿಗೇ ಮುಗಿಯಿತು.

ಮೂರನೇ ಊರಿನ ಸರ್ಟಿಫಿಕೇಟ್ ಸಲಹೆಗೆ ಬರೋಣ. ಇದು ನೋಡಲು ಸುಲಭದ ದಾರಿ. 1990ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಬ್ರೀಯಮ್, ಆಮೇಲೆ ಅಮೆರಿಕದ ಲೀಡ್, ಇಂಥ ರೇಟಿಂಗ್‌ಗಳು ಹಸಿರು ಕಟ್ಟಡದ ಬಗ್ಗೆ ಜನ ಮಾತಾಡುವ ಹಾಗೆ ಮಾಡಿದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಸ್ವಇಚ್ಛೆಯಿಂದ ಬರುವವರಿಗಾಗಿ ಮಾಡಿದ ಅಂಕಪಟ್ಟಿಗಳು. ಕಾನೂನಿನಲ್ಲಿ ಅದನ್ನೇ ತುರುಕಿದರೆ ಎರಡು ಎಡವಟ್ಟು. ಒಂದು, ಸರ್ಟಿಫಿಕೇಟ್ ಬರುವುದು ಕಟ್ಟಡ ಮುಗಿದು ತಿಂಗಳುಗಳಾದ ಮೇಲೆ. ಅಷ್ಟರಲ್ಲಿ ಜನ ಒಳಗೆ ಬಂದಿರುತ್ತಾರೆ. ಅಂಕ ಕಡಿಮೆ ಬಿದ್ದರೆ ಏನು ಮಾಡುತ್ತೀರಿ, ಮನೆಯವರನ್ನು ಹೊರಗೆ ಹಾಕುತ್ತೀರಾ? ಎರಡು, ಅಂಕಪಟ್ಟಿಯಲ್ಲಿ ಒಂದು ಕಡೆ ಕಳೆದುಕೊಂಡದ್ದನ್ನು ಇನ್ನೊಂದು ಕಡೆ ಗಳಿಸಬಹುದು. ಸೈಕಲ್ ನಿಲ್ಲಿಸುವ ಜಾಗಕ್ಕೆ ಅಂಕ ಸಿಕ್ಕಿದ್ದರಿಂದ ಚಾವಣಿ ಕಾಯುವುದು ನಿಲ್ಲುವುದಿಲ್ಲ, ಅಲ್ವಾ? ರೇಟಿಂಗ್ ತಂದವರಿಗೆ ನಕ್ಷೆ ಬೇಗ ಮಂಜೂರು ಮಾಡಿ, ಬೇಕಾದರೆ ಶುಲ್ಕ ಕಡಿಮೆ ಮಾಡಿ. ಕನಿಷ್ಠ ನಿಯಮದ ಜಾಗದಲ್ಲಿ ಮಾತ್ರ ಅದನ್ನು ಕೂರಿಸಬೇಡಿ.

ಸೋಲಾರೋ ನೀರೋ ಅನ್ನುವ ಜಗಳಕ್ಕೆ ನನ್ನ ಉತ್ತರ: ಎರಡೂ ಅಲ್ಲ, ಮೊದಲು ಹೊರಕವಚ. ಗೋಡೆ, ಚಾವಣಿ, ಕಿಟಕಿ, ನೆರಳು. ಪ್ಯಾನೆಲ್ ನಾಳೆಯೂ ಕೂರಿಸಬಹುದು, ನಲ್ಲಿ ಮುಂದಿನ ವರ್ಷ ಬದಲಾಯಿಸಬಹುದು. ಗೋಡೆಯನ್ನು ಮತ್ತೆ ಕಟ್ಟುವುದಿಲ್ಲ. 50 ವರ್ಷ ಅದೇ ಇರುತ್ತದೆ. ಸೋಲಾರ್ ಕಡ್ಡಾಯಕ್ಕೆ ಒಪ್ಪಿಗೆ ಸಿಗದಿದ್ದರೆ 'ಸೋಲಾರ್‌ಗೆ ತಯಾರಿ' ಎಂದು ಕೇಳಿ. ಚಾವಣಿಯಲ್ಲಿ ನೆರಳು ಬೀಳದ ಜಾಗ, ಕೆಳಗಿನವರೆಗೆ ಒಂದು ಖಾಲಿ ಪೈಪ್, ಬೋರ್ಡಿನಲ್ಲಿ ಒಂದು ಖಾಲಿ ಸ್ಥಾನ. ಕಟ್ಟುವಾಗ ಇದಕ್ಕೆ ಖರ್ಚು ಬಹಳ ಕಡಿಮೆ, ಆಮೇಲೆ ಗೋಡೆ ಒಡೆದು ಮಾಡಿದರೆ ಜಾಸ್ತಿ. ವಿದ್ಯುತ್ ಕಾರಿನ ಚಾರ್ಜಿಂಗ್‌ಗೂ ಇದೇ ಮಾತು. ನೀರಿನ ನಿಯಮ ಮೊದಲ ದಿನದಿಂದಲೇ ಇರಬಹುದು, ಅದಕ್ಕೆ ಯಾರೂ ಜಾಸ್ತಿ ತಕರಾರು ಮಾಡುವುದಿಲ್ಲ. ಹಳೆಯ ಕಟ್ಟಡಗಳನ್ನು ಈ ಸುತ್ತಿನಲ್ಲಿ ಸೇರಿಸಬೇಡಿ. ಅದು ಬೇರೆಯದೇ ಕುಸ್ತಿ.

ಈಗ ಬರುತ್ತದೆ ನಿಜವಾದ ಮಾತು. ಇಷ್ಟೆಲ್ಲ ಮಾಡಿ, ಎಂಟು ಸಭೆಗಳಲ್ಲಿ ಕೈ ಎತ್ತಿಸಿ, ಗೆಜೆಟ್‌ನಲ್ಲಿ ಹಾಕಿಸಿದ ನಿಯಮ ಸಾಯುವುದು ಎಲ್ಲಿ ಗೊತ್ತಾ? ನಕ್ಷೆ ಮಂಜೂರು ಮಾಡುವ ಮೇಜಿನ ಮೇಲೆ. ಅಲ್ಲಿ ಕೂತವರಿಗೆ ದಿನಕ್ಕೆ ಹತ್ತಾರು ಕಡತ. ರಸ್ತೆಯಿಂದ ಎಷ್ಟು ಬಿಟ್ಟಿದ್ದಾರೆ, ಎಷ್ಟು ಮಹಡಿ, ಬೆಂಕಿ ಮೆಟ್ಟಿಲು ಇದೆಯಾ ನೋಡುವಷ್ಟರಲ್ಲಿ ಸಂಜೆ. ಅವರ ಮುಂದೆ 40 ಪುಟದ ಇಂಧನ ಲೆಕ್ಕ ಇಟ್ಟರೆ ಕೊನೆಯ ಪುಟದ ಸಹಿ ನೋಡಿ ಮುದ್ರೆ ಹಾಕುತ್ತಾರೆ. ಅವರ ತಪ್ಪಲ್ಲ. ಒಂದು ಕಡೆ ನಾನೇ ಕಂಡಿದ್ದೇನೆ. ಒಂದೇ ಇಂಧನ ಲೆಕ್ಕದ ಹಾಳೆ, ಅದೇ ಸಂಖ್ಯೆಗಳು, ಮೂರು ಬೇರೆ ಬೇರೆ ಕಟ್ಟಡಗಳ ಕಡತದಲ್ಲಿತ್ತು. ಒಂದರಲ್ಲಿ ಕಿಟಕಿಗಳ ಸಂಖ್ಯೆಯೂ ನಕ್ಷೆಗೆ ಹೊಂದುತ್ತಿರಲಿಲ್ಲ. ಮೂರಕ್ಕೂ ಮಂಜೂರಾತಿ ಸಿಕ್ಕಿತ್ತು.

ಆದ್ದರಿಂದ ಎಂಟು ಊರುಗಳು ಹಂಚಿಕೊಳ್ಳಬೇಕಾದದ್ದು ಬರೀ ಪಠ್ಯವಲ್ಲ, ಮನುಷ್ಯರನ್ನೂ ಹಂಚಿಕೊಳ್ಳಬೇಕು. ಒಂದು ಸಣ್ಣ ಊರಿಗೆ ಇಂಧನ ಲೆಕ್ಕ ಗೊತ್ತಿರುವ ಇಂಜಿನಿಯರ್ ಇಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ, ಅಷ್ಟು ಕೆಲಸವೂ ಇರುವುದಿಲ್ಲ. ಎಂಟು ಊರು ಸೇರಿದರೆ ಇಬ್ಬರಿಗೆ ಪೂರ್ತಿ ಕೆಲಸ ಇದೆ. ಒಬ್ಬರು ನಕ್ಷೆ ನೋಡಲಿ, ಒಬ್ಬರು ಜಾಗಕ್ಕೆ ಹೋಗಲಿ. ಎಂಟು ಊರಿನಲ್ಲೂ ಅವರೇ ನೋಡುವುದರಿಂದ ಅರ್ಥ ಮಾಡಿಕೊಳ್ಳುವ ರೀತಿಯೂ ಒಂದೇ ಆಗುತ್ತದೆ. ನಿಯಮದ ಪಠ್ಯ ಒಂದೇ ಇದ್ದು, 'ಇದು ಚಾವಣಿಯೋ ತಾರಸಿಯೋ' ಎಂದು ಎಂಟು ಜನ ಎಂಟು ಥರ ಹೇಳಿದರೆ ಬಿಲ್ಡರ್ ಮತ್ತೆ ಶುರುವಿಗೇ ಬರುತ್ತಾನೆ.

ಜಾಗಕ್ಕೆ ಹೋಗುವುದು ಅಂದರೆ ಯಾವಾಗ? ಕಟ್ಟಡ ಮುಗಿದ ಮೇಲೆ ಹೋದರೆ ಬಣ್ಣ ಹಚ್ಚಿದ ಗೋಡೆ ಮಾತ್ರ ಕಾಣುತ್ತದೆ. ಇನ್ಸುಲೇಷನ್ ಹಾಕಿ ಇನ್ನೂ ಮುಚ್ಚದಿರುವಾಗ ಹೋಗಬೇಕು. ಆ ಹೊತ್ತು ಒಂದೆರಡು ದಿನ ಮಾತ್ರ ಇರುತ್ತದೆ. ಇನ್ಸ್‌ಪೆಕ್ಟರ್ ಬರಲಿಲ್ಲ ಅಂತ ಕೆಲಸ ನಿಂತರೆ ಮೇಸ್ತ್ರಿ ಶಾಪ ಹಾಕುತ್ತಾನೆ, ನ್ಯಾಯವೇ. ಹಾಗಾಗಿ ದಿನಾಂಕ ಮತ್ತು ಜಾಗದ ಗುರುತು ಬರುವ ಫೋಟೋಗಳನ್ನು ಕಳಿಸಿದರೆ ಸಾಕು, ಹತ್ತರಲ್ಲಿ ಒಂದೆರಡು ಕಡೆ ಹೇಳದೆ ಹೋಗಿ ನೋಡುತ್ತೇವೆ ಎಂದು ಇಟ್ಟುಕೊಳ್ಳಿ. ಕೊನೆಯಲ್ಲಿ ಗಾಳಿ ಸೋರಿಕೆ ಪರೀಕ್ಷೆಯಂಥ ಒಂದು ಅಳತೆ ಇದ್ದರೆ ಇನ್ನೂ ಒಳ್ಳೆಯದು. ಏಸಿ ಹಾಕುವ, ಅಥವಾ ಚಳಿಗೆ ಬಿಸಿ ಮಾಡುವ ಕಟ್ಟಡಗಳಿಗೆ ಅದು ಸರಿಯಾದ ಪರೀಕ್ಷೆ. ಕಿಟಕಿ ತೆರೆದೇ ಬದುಕುವ ಕಡೆ ಅದರ ಬದಲು ನೆರಳು, ಗಾಳಿ ಹಾಯುವ ದಾರಿ, ಚಾವಣಿಯ ಬಿಸಿ ನೋಡಬೇಕು.

ದುಡ್ಡಿನ ವಿಷಯ. ಬರೀ ಕಡ್ಡಾಯ ಅಂದರೆ ಊರುಗಳು ಬರುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2009ರಲ್ಲಿ ತನ್ನ ಮೂಲ ಸಂಹಿತೆಯ ಮೇಲೆ ಒಂದೇ ಒಂದು ಹೆಚ್ಚಿನ ಮಟ್ಟ ಇಟ್ಟು, ಬೇಕಾದ ಊರುಗಳು ಒಪ್ಪಿಕೊಳ್ಳಿ ಅಂದಿತು. ಅದನ್ನು ಒಪ್ಪಿಕೊಂಡದ್ದು 'ಹಸಿರು ಸಮುದಾಯ' ಅನ್ನುವ ಪಟ್ಟಕ್ಕೆ ಬೇಕಾದ ಐದು ಅರ್ಹತೆಗಳಲ್ಲಿ ಒಂದು. ಪಟ್ಟ ಸಿಕ್ಕ ಊರಿಗೆ ಶಾಲೆ, ಕಚೇರಿಗಳಲ್ಲಿ ವಿದ್ಯುತ್ ಉಳಿಸುವ ಕೆಲಸಕ್ಕೆ ಅನುದಾನ. ಅಲ್ಲಿನ 351 ಪಟ್ಟಣ ನಗರಗಳಲ್ಲಿ ಬಹುಪಾಲು ಇಂದು ಆ ಮಟ್ಟದಲ್ಲಿವೆ. ಅಲ್ಲಿ ಮಾಡಿದ ಜಾಣತನ ಎಂದರೆ ಆಯ್ಕೆಗಳನ್ನು ಕಡಿಮೆ ಇಟ್ಟದ್ದು. ಕ್ಯಾಲಿಫೋರ್ನಿಯಾದಿಂದ ಕಲಿಯಬೇಕಾದ ಪಾಠ ಬೇರೆ. ಅಲ್ಲಿ ಹೆಚ್ಚಿನ ಇಂಧನ ನಿಯಮ ತರುವ ಊರು, ಹಾಕಿದ ಖರ್ಚು ವಾಪಸ್ ಬರುತ್ತದೆ ಎಂದು ರಾಜ್ಯದ ಇಂಧನ ಆಯೋಗಕ್ಕೆ ತೋರಿಸಬೇಕಿತ್ತು. ಪ್ರತಿ ಊರೂ ಅಧ್ಯಯನ ಮಾಡಿಸಿದರೆ ದಿವಾಳಿ. ಅದಕ್ಕೇ ಇಡೀ ರಾಜ್ಯಕ್ಕೆ, ಹವಾಮಾನ ವಲಯಕ್ಕೆ ಒಂದರಂತೆ ಅಧ್ಯಯನ ಮಾಡಿಟ್ಟರು. ಊರುಗಳು ಅದನ್ನೇ ಲಗತ್ತಿಸಿದವು. ನೀವೂ ಹಾಗೆ ಒಂದೇ ಅಧ್ಯಯನ ಮಾಡಿಸಿ, ಎಂಟು ಪ್ರತಿ ತೆಗೆಯಿರಿ.

ದಿನಾಂಕದ ಬಗ್ಗೆ ಒಂದು ಎಚ್ಚರಿಕೆ. ಎಲ್ಲ ಊರುಗಳಲ್ಲೂ ಒಂದೇ ದಿನ ಜಾರಿಯಾಗಲಿ. ಇಲ್ಲದಿದ್ದರೆ ಮೊದಲು ಜಾರಿ ಮಾಡಿದ ಊರಿನಲ್ಲಿ ನಕ್ಷೆಗಳು ಕಡಿಮೆಯಾಗಿ, ಪಕ್ಕದ ಊರಿನಲ್ಲಿ ಸಾಲು ನಿಲ್ಲುತ್ತದೆ. ಆಮೇಲೆ ನಿಮ್ಮ ಸಭೆಯಲ್ಲೇ 'ನೋಡಿ, ಹಸಿರು ನಿಯಮದಿಂದ ನಮ್ಮ ಊರು ಹಾಳಾಯಿತು' ಅನ್ನುತ್ತಾರೆ. ಒಪ್ಪಿಗೆಗೂ ಜಾರಿಗೂ ನಡುವೆ ಒಂದು ವರ್ಷ ಬಿಡಿ. ಆ ವರ್ಷದಲ್ಲಿ ಗುತ್ತಿಗೆದಾರರಿಗೆ, ಮೇಸ್ತ್ರಿಗಳಿಗೆ, ಮಂಜೂರಾತಿ ಮೇಜಿನವರಿಗೆ ಒಟ್ಟಿಗೆ ಕೂರಿಸಿ ತರಬೇತಿ ಕೊಡಿ. ಒಟ್ಟಿಗೆ ಅನ್ನುವುದು ಮುಖ್ಯ. ಬೇರೆ ಬೇರೆ ಕೊಟ್ಟರೆ ಜಾಗದಲ್ಲಿ ಎದುರಾದಾಗ ಇಬ್ಬರೂ ತಮ್ಮ ತಮ್ಮ ಪುಸ್ತಕ ತೋರಿಸುತ್ತಾರೆ. ಮುಂದಿನ ಮೆಟ್ಟಿಲು ಯಾವ ವರ್ಷ ಎಂಬುದನ್ನೂ ಈಗಲೇ ಬರೆದಿಡಿ. ಬಿಲ್ಡರ್‌ಗಳು ಬಿಗಿ ನಿಯಮಕ್ಕಿಂತ ಅನಿರೀಕ್ಷಿತ ನಿಯಮಕ್ಕೆ ಜಾಸ್ತಿ ಹೆದರುತ್ತಾರೆ.

ಮೊದಲ ಸಭೆಗೆ ಎಂಟೂ ಊರಿನಿಂದ ಕಳೆದ ವರ್ಷ ಮಂಜೂರಾದ ಮೂರು ಮೂರು ನಕ್ಷೆಗಳನ್ನು ತನ್ನಿ. ಒಟ್ಟು 24. ನೀವು ಆರಿಸಿದ ಮಾದರಿಯ ಮೊದಲ ಮೆಟ್ಟಿಲಿನ ಪ್ರಕಾರ ಅವನ್ನು ಅಳೆಸಿ. ಕೆಲವು ಆಗಲೇ ಎರಡನೆಯ ಮೆಟ್ಟಿಲಿನಲ್ಲಿ ಇರುತ್ತವೆ, ಕಟ್ಟಿದವರಿಗೇ ಗೊತ್ತಿಲ್ಲದ ಹಾಗೆ. ಕೆಲವು ನಕ್ಷೆಗಳಲ್ಲಿ ಲೆಕ್ಕ ಹಾಕುವಷ್ಟು ವಿವರವೇ ಇರುವುದಿಲ್ಲ. ಹಾಗೆ ವಿವರ ಇಲ್ಲದವು ಎಷ್ಟು ಅಂತ ಎಣಿಸಿ, ನನಗೆ ಬರೆಯಿರಿ. ಅರ್ಜಿ ನಮೂನೆ ಹೇಗಿರಬೇಕು ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.